ಮೈಗೆ ಒಗ್ಗದ ವಸ್ತುಗಳೂ ನಮ್ಮೂರ ಶಾಲೆಯೂ



ಈ ಪತ್ರಿಕೆಯಲ್ಲಿ ನಾನು ಬರೆಯುವುದು ಹೆಚ್ಚಾಗಿ ಬಿತ್ತನೆ ಬೀಜ, ಗೊಬ್ಬರದ ಗುಂಡಿ, ಜೇನು ಸಾಕಣೆ ಇಂಥ ವಿಷಯಗಳನ್ನು. ನಾನು ಕಲಿತಿರುವುದು ಬೇಸಾಯ, ವೈದ್ಯನಲ್ಲ. ಆದರೂ ಈ ಸಲ ಶಾಲೆಗೆ ಹೋಗುವ ಮಕ್ಕಳ ವಿಷಯವಾಗಿ ಬರೆಯಬೇಕಾಗಿ ಬಂದಿದೆ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ಮುಂಗಾರು ಹಿಡಿದ ಮೇಲೆ ಒಂದು ಹಳ್ಳಿಯ ಶಾಲೆಗೆ ಕೈತೋಟದಲ್ಲಿ ನುಗ್ಗೆ, ಕರಿಬೇವಿನ ಸಸಿ ನೆಡಿಸಲು ಹೋಗಿದ್ದೆ. ಮಕ್ಕಳು ಉತ್ಸಾಹದಿಂದ ಗುಂಡಿ ತೋಡಿದರು. ಕೆಲಸ ಮುಗಿದ ಮೇಲೆ ಐದನೆಯ ತರಗತಿಯ ಹುಡುಗಿಯೊಬ್ಬಳು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ನಲ್ಲಿಯ ಕಟ್ಟೆಯ ಸಂದಿಯಲ್ಲಿ ಕಡಜ ಗೂಡು ಕಟ್ಟಿದ್ದುದು ಯಾರಿಗೂ ಗೊತ್ತಿರಲಿಲ್ಲ. ಒಂದೇ ಒಂದು ಕಡಜ ಕತ್ತಿಗೆ ಕಚ್ಚಿತು. ಹಳ್ಳಿಯ ಮಕ್ಕಳಿಗೆ ಇದೇನು ಹೊಸದೇ? ಹುಡುಗಿ ಅಳಲೂ ಇಲ್ಲ, ಕತ್ತು ತಿಕ್ಕಿಕೊಳ್ಳುತ್ತ ಬಂದಳು. ಅಡುಗೆಯಮ್ಮನವರು ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದರು. ಎಲ್ಲರೂ ಇಷ್ಟಕ್ಕೆ ಮುಗಿಯಿತೆಂದುಕೊಂಡೆವು.

ಐದು ನಿಮಿಷ ಕಳೆದಿರಬೇಕು. ಹುಡುಗಿ ಅಂಗೈ ಕೆರೆದುಕೊಳ್ಳತೊಡಗಿದಳು. ಕತ್ತಿನಿಂದ ಎದೆಯವರೆಗೆ ಗಂಧೆ ಎದ್ದಿತು. ಬಳಿಯಲ್ಲಿದ್ದ ಹಿರಿಯರೊಬ್ಬರು, "ಇದು ಪಿತ್ತ, ಕಂಬಳಿಯಲ್ಲಿ ಉಜ್ಜಿ" ಎಂದರು. ಕಂಬಳಿಯೂ ಬಂತು. ಮೇಷ್ಟ್ರು ಪೆಟ್ಟಿಗೆಯಲ್ಲಿದ್ದ ಅವಿಲ್ ಮಾತ್ರೆಯನ್ನು ಅರ್ಧ ಮುರಿದು ನುಂಗಿಸಿದರು. ಸ್ವಲ್ಪ ಹೊತ್ತಿಗೆ ಹುಡುಗಿಯ ದನಿ ಒಡೆಯಿತು, ವಾಂತಿಯಾಯಿತು, "ಕಣ್ಣು ಕತ್ತಲೆ ಬರುತ್ತೆ ಸಾರ್" ಎಂದು ಕುಸಿದು ಕುಳಿತಳು. ಆಗ ನಮಗೆ ಭಯವಾಯಿತು. ನನ್ನ ಮೋಟಾರ್ ಸೈಕಲ್ಲಿನಲ್ಲಿ ನಡುವೆ ಅವಳನ್ನು ಕೂರಿಸಿ, ಹಿಂದೆ ಮೇಷ್ಟ್ರು ಹಿಡಿದುಕೊಂಡು, ಏಳು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟೆವು. ದಾರಿಯಲ್ಲೇ ಅವಳ ತಲೆ ನನ್ನ ಬೆನ್ನಿನ ಮೇಲೆ ವಾಲಿತು.

ಪುಣ್ಯಕ್ಕೆ ವೈದ್ಯರಿದ್ದರು. ನೋಡಿದೊಡನೆ ಬೆಂಚಿನ ಮೇಲೆ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ತೊಡೆಗೆ ಒಂದು ಸೂಜಿ ಹಾಕಿದರು. ಕೆಲವೇ ನಿಮಿಷಗಳಲ್ಲಿ ತುಟಿಗೆ ಬಣ್ಣ ಬಂತು, ಕಣ್ಣು ಬಿಟ್ಟಳು. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ, ರಾತ್ರಿಯೆಲ್ಲ ಅಲ್ಲಿಯೇ ಇಟ್ಟುಕೊಂಡರು. ವೈದ್ಯರು ಕೈ ತೊಳೆದುಕೊಳ್ಳುತ್ತ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇನ್ನು ಹತ್ತು ನಿಮಿಷ ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅದಿರಲಿ, ರಕ್ತದ ಒತ್ತಡ ಬಿದ್ದುಹೋದ ಮಗುವನ್ನು ಹೀಗೆ ನೆಟ್ಟಗೆ ಕೂರಿಸಿಕೊಂಡು ತರುತ್ತಾರೇನ್ರಿ?" ಆ ದಿನ ಹಾಲಿನ ಡೇರಿಯ ಮುಂದೆ ಒಂದು ಗೂಡ್ಸ್ ಆಟೊ ನಿಂತಿತ್ತು. ಅದರಲ್ಲಿ ಮಗುವನ್ನು ಮಲಗಿಸಿ ತರಬಹುದಾಗಿತ್ತು. ನಾನು ಅದರ ಪಕ್ಕದಲ್ಲೇ ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗಿದ್ದೆ.

ಸಂಜೆ ಹುಡುಗಿಯ ತಾಯಿ ಹೇಳಿದರು: "ಹೋದ ವರ್ಷ ಹೊಲದಲ್ಲಿ ಕಚ್ಚಿದಾಗಲೂ ಹಿಂಗೇ ಮುಖ ಊದಿತ್ತು ಸ್ವಾಮಿ. ಇದನ್ನೇನು ಮೇಷ್ಟ್ರಿಗೆ ಹೇಳೋದು ಅಂತ ಸುಮ್ಮನಾದೋ."

ಆ ತಾಯಿಯದೇನೂ ತಪ್ಪಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು, ಜಾತಿ, ಆಧಾರ್ ಎಲ್ಲವನ್ನೂ ಕೇಳುತ್ತಾರೆ, "ಮಗುವಿಗೆ ಯಾವುದಾದರೂ ಒಗ್ಗುವುದಿಲ್ಲವೇ?" ಎಂದು ಕೇಳುವುದಿಲ್ಲ. ನಾನು ಈ ಲೇಖನ ಬರೆಯಲು ಕುಳಿತದ್ದು ಇದಕ್ಕಾಗಿಯೇ.

ಇದು ಬರಿಯ ಗಂಧೆಯಲ್ಲ

ಮೈಯಲ್ಲಿ ಗಂಧೆ ಏಳುವುದು ನಮಗೆಲ್ಲ ತಿಳಿದದ್ದು. ಕೆಂಪು ದದ್ದು, ನವೆ, ಒಂದೆರಡು ಗಂಟೆಯಲ್ಲಿ ಮಾಯ. ಇದನ್ನು ಪಿತ್ತವೆನ್ನುತ್ತೇವೆ, ವೈದ್ಯರು ಅಲರ್ಜಿ ಎನ್ನುತ್ತಾರೆ. ನೂರಕ್ಕೆ ತೊಂಬತ್ತರಷ್ಟು ಸಲ ಇದು ತಾನಾಗಿ ಇಳಿಯುವಂಥದು. ಇದಕ್ಕೆಲ್ಲ ಆಸ್ಪತ್ರೆಗೆ ಓಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೆಲವರಲ್ಲಿ ಅದು ಚರ್ಮದಲ್ಲಿಯೇ ನಿಲ್ಲದೆ ಒಳಗೆ ಇಳಿಯುತ್ತದೆ. ಗಂಟಲು ಊದಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ರಕ್ತನಾಳಗಳು ಸಡಿಲವಾಗಿ ರಕ್ತದ ಒತ್ತಡ ಕುಸಿಯುತ್ತದೆ. ಕೆರೆಯ ತೂಬು ಒಮ್ಮೆಗೇ ತೆಗೆದರೆ ನೀರಿನ ಮಟ್ಟ ಹೇಗೆ ಇಳಿಯುವುದೋ ಹಾಗೆ. ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು.

ಈ ಹೆಸರನ್ನು ಕೊಟ್ಟವರು ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು, 1902ರಲ್ಲಿ. ಅವರು ಸಮುದ್ರದ ಒಂದು ಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿಗೆ ಕೆಲವು ವಾರಗಳ ಮೇಲೆ ಅದೇ ವಿಷವನ್ನು ಅತಿ ಸ್ವಲ್ಪ ಕೊಟ್ಟಾಗ, ಅದು ಅರ್ಧ ಗಂಟೆಯೊಳಗೆ ಸತ್ತುಹೋಯಿತು. ಮೊದಲ ಸಲದಿಂದ ದೇಹಕ್ಕೆ ರಕ್ಷಣೆ ಬರಬೇಕಾಗಿತ್ತು. ಬಂದದ್ದು ಅದರ ವಿರುದ್ಧ. ರಿಷೆಯವರಿಗೆ ಈ ಕೆಲಸಕ್ಕಾಗಿ 1913ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ದೂರದ ದೇಶದ ಈ ಹಳೆಯ ಕಥೆಯನ್ನು ಇಲ್ಲಿ ಹೇಳಿದ್ದೇಕೆಂದರೆ, "ಹೋದ ವರ್ಷ ಬರೀ ಮುಖ ಊದಿತ್ತು" ಎಂಬ ಮಾತಿನ ಬೆಲೆ ಇದರಿಂದ ತಿಳಿಯುತ್ತದೆ. ಪ್ರತಿ ಸಲವೂ ಹೆಚ್ಚಾಗುತ್ತಲೇ ಹೋಗುವುದೆಂಬ ನಿಯಮವಿಲ್ಲ. ಆದರೆ ಒಮ್ಮೆ ಎಚ್ಚರಿಕೆ ಕೊಟ್ಟ ಮೈಯನ್ನು ಮರೆಯಬಾರದು.

"ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇನಪ್ಪ?" ಎಂದು ಹಿರಿಯರು ಕೇಳಬಹುದು. ಇತ್ತು. ಜೇನು ಕಚ್ಚಿ ಸತ್ತವರ ಸುದ್ದಿ ಎಲ್ಲ ಊರಲ್ಲೂ ಇದೆ. ಕೆಲವರು ಹೃದಯ ನಿಂತಿತೆಂದರು, ಕೆಲವರು ಗಾಳಿ ಸೋಕಿತೆಂದರು. ಆದರೆ ಇದು ಅಪರೂಪವೆಂಬುದೂ ನಿಜ. ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ 1.2ರಷ್ಟು ಕಂಡುಬಂದರು. ಶಾಲಾ ಮಕ್ಕಳಲ್ಲಿ ಇನ್ನೂ ಕಡಿಮೆ: 2020ರಲ್ಲಿ ಪ್ರಕಟವಾದ ಲೆಕ್ಕದಂತೆ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ 0.14, ಎಂದರೆ ಸಾವಿರಕ್ಕೆ ಒಂದಿಬ್ಬರು.

ಅಪರೂಪವಾದದ್ದರಿಂದಲೇ ತೊಂದರೆ. ನಲವತ್ತು ಮಕ್ಕಳ ಶಾಲೆಯಲ್ಲಿ ಮೇಷ್ಟ್ರು ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗುವವರೆಗೆ ಒಂದನ್ನೂ ನೋಡದಿರಬಹುದು. ಆದರೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹತ್ತು ಸಾವಿರ ಮಕ್ಕಳಿದ್ದರೆ, ಆಹಾರದಿಂದಲೇ ಹದಿನಾಲ್ಕು ಮಕ್ಕಳಿಗೆ ಈ ಅಪಾಯ ಇರಬಹುದೆಂದಾಯಿತು. ಅವರು ಯಾವ ಊರಿನಲ್ಲಿದ್ದಾರೆ, ಯಾವ ಬೆಂಚಿನಲ್ಲಿ ಕುಳಿತಿದ್ದಾರೆ? ಅದು ತಾಯಂದಿರಿಗೆ ಮಾತ್ರ ಗೊತ್ತು. ಕೆಲವು ಸಲ ಅವರಿಗೂ ಗೊತ್ತಿರುವುದಿಲ್ಲ.

ಯಾವುದರಿಂದ ಬರುತ್ತದೆ

ಹಳ್ಳಿಯ ಶಾಲೆಯಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಜೇನು, ಕಡಜ, ಇನ್ನೊಂದು ಊಟ. ಮೂರನೆಯದಾಗಿ ಔಷಧಿ, ಅದರಲ್ಲೂ ಸೂಜಿಮದ್ದು. ಆದರೆ ಅದನ್ನು ಕೊಡುವುದು ಆಸ್ಪತ್ರೆಯಲ್ಲಾದ್ದರಿಂದ ಇಲ್ಲಿ ಬಿಡುತ್ತೇನೆ.

ಊಟದಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಗೋಧಿ, ಮೀನು, ಸೀಗಡಿ ಇವು ಸಾಮಾನ್ಯ ಕಾರಣಗಳು. ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಈಚಿನ ವರ್ಷಗಳಲ್ಲಿ ಮೊಟ್ಟೆಯೂ ಬಂದಿದೆ. ಮೊಟ್ಟೆ ಬೇಡವೆನ್ನುವವರಿಗೆ ಬಾಳೆಹಣ್ಣು. ಹಿಂದೆ ಕೆಲಕಾಲ ಕಡಲೆಕಾಯಿ ಚಿಕ್ಕಿಯನ್ನೂ ಕೊಡುತ್ತಿದ್ದರು. ಇವೆಲ್ಲ ನಮ್ಮ ಮಕ್ಕಳಿಗೆ ಬಹಳ ಬೇಕಾದ ಆಹಾರ. ಇದನ್ನು ಓದಿ ಯಾರೂ ಮಗುವಿನ ಮೊಟ್ಟೆ ನಿಲ್ಲಿಸಬಾರದು. ಸಾವಿರ ಮಕ್ಕಳಲ್ಲಿ ಒಂಬೈನೂರ ತೊಂಬತ್ತೆಂಟು ಮಕ್ಕಳಿಗೆ ಅದು ಬಲ ಕೊಡುವ ವಸ್ತು.

ಆದರೆ ಒಂದು ಮಾತನ್ನು ಗಮನಿಸಬೇಕು. "ಮೊಟ್ಟೆ ತಿನ್ನುವುದಿಲ್ಲ" ಎಂಬ ಪಟ್ಟಿಯಲ್ಲಿ ಎರಡು ಬಗೆಯ ಮಕ್ಕಳು ಸೇರಿಹೋಗಿರುತ್ತಾರೆ. ಮನೆತನದ ಪದ್ಧತಿಯಿಂದ ತಿನ್ನದವರು ಬಹಳ ಮಂದಿ. ತಿಂದರೆ ಮೈಗಾಗದವರು ಎಲ್ಲೋ ಒಬ್ಬರು. ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಗುರುತು. ಗೆಳೆಯರು ಹಾಸ್ಯ ಮಾಡಿ ತಟ್ಟೆಗೆ ಒಂದು ಚೂರು ಹಾಕಿದರೆ ಮೊದಲನೆಯ ಮಗುವಿಗೆ ಬೇಸರ, ಎರಡನೆಯದಕ್ಕೆ ಪ್ರಾಣಭಯ. ಹಾಗೆಯೇ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವ ಮಕ್ಕಳಿದ್ದಾರೆ. ಅದು ಹೆಚ್ಚಾಗಿ ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ಅಲರ್ಜಿಯಲ್ಲ. ಅದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಯಾವುದು ಯಾವುದೆಂದು ವೈದ್ಯರೇ ಹೇಳಬೇಕು.

ಗುರುತಿಸುವುದು ಹೇಗೆ

ಕಚ್ಚಿದ ಅಥವಾ ತಿಂದ ಕೆಲವು ನಿಮಿಷಗಳಿಂದ ಹಿಡಿದು ಒಂದೆರಡು ಗಂಟೆಯೊಳಗೆ ಲಕ್ಷಣಗಳು ಕಾಣುತ್ತವೆ. ಅಂಗೈ, ಅಂಗಾಲು, ತುಟಿಯಲ್ಲಿ ನವೆ, ಮೈಮೇಲೆ ಗಂಧೆ, ಕಣ್ಣಿನ ರೆಪ್ಪೆ, ತುಟಿ ಊದುವುದು. ಇಷ್ಟೇ ಆದರೆ ಮಗುವನ್ನು ಒಂಟಿಯಾಗಿ ಬಿಡದೆ ಕಾಯುತ್ತಿರಬೇಕು. ಇದರ ಜೊತೆಗೆ ದನಿ ಒಡೆದರೆ, ನಾಯಿಯಂತೆ ಕೆಮ್ಮಿದರೆ, ಗಂಟಲು ಬಿಗಿಯುತ್ತದೆಂದರೆ, ಎದೆಯಲ್ಲಿ ಸುಯ್ಯೆಂದು ಶಬ್ದ ಬಂದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆ ತಿರುಗಿ ಬಿಳಿಚಿಕೊಂಡು ತಣ್ಣಗೆ ಬೆವರಿದರೆ, ಅದು ಅಪಾಯದ ಗುರುತು. ಮತ್ತೊಂದು ಲಕ್ಷಣಕ್ಕೆ ಕಾಯಬಾರದು. ಕೆಲವು ಮಕ್ಕಳಲ್ಲಿ ಗಂಧೆಯೇ ಏಳುವುದಿಲ್ಲ. ನೇರವಾಗಿ ಉಸಿರಿಗೆ ಬರುತ್ತದೆ. ಉಬ್ಬಸವಿರುವ ಮಗುವಿಗೆ ಹೀಗಾದರೆ ಅಪಾಯ ಇನ್ನೂ ಹೆಚ್ಚು, ಮತ್ತು ಅದನ್ನು ಬರಿಯ ಉಬ್ಬಸವೆಂದು ತಪ್ಪು ತಿಳಿಯುವ ಸಂಭವವೂ ಹೆಚ್ಚು.

ಕಾಲ ಎಷ್ಟಿದೆ? ಬ್ರಿಟನ್ನಿನಲ್ಲಿ ಇಂಥ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ ಪಂಫ್ರಿ ಎಂಬ ವೈದ್ಯರು 2000ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸತ್ತವರಲ್ಲಿ ಅರ್ಧದಷ್ಟು ಜನರಿಗೆ, ಆಹಾರದಿಂದಾದರೆ 30 ನಿಮಿಷದೊಳಗೆ, ಜೇನು ಕಡಜಗಳಿಂದಾದರೆ 15 ನಿಮಿಷದೊಳಗೆ ಉಸಿರು ಅಥವಾ ಹೃದಯ ನಿಂತಿತ್ತು. ಇದು ಸತ್ತವರ ಲೆಕ್ಕ ಮಾತ್ರ, ಬಹುಪಾಲು ಜನ ಉಳಿಯುತ್ತಾರೆ ಎಂಬುದನ್ನು ಮರೆಯಬಾರದು. ಆದರೂ ನಮ್ಮ ಶಾಲೆಯಿಂದ ಆಸ್ಪತ್ರೆಗಿರುವ ದಾರಿಯನ್ನು ಈ ಹದಿನೈದು ನಿಮಿಷದ ಪಕ್ಕದಲ್ಲಿಟ್ಟು ಅಳೆದು ನೋಡಿ.

ಇದಕ್ಕೆ ಮದ್ದು ಒಂದೇ

ಅಂದು ವೈದ್ಯರು ತೊಡೆಗೆ ಹಾಕಿದ್ದು ಅಡ್ರಿನಲಿನ್ ಎಂಬ ಔಷಧಿ. ಸಡಿಲವಾದ ರಕ್ತನಾಳವನ್ನು ಬಿಗಿಮಾಡಿ, ಗಂಟಲಿನ ಊತವನ್ನು ಇಳಿಸಿ, ಶ್ವಾಸನಾಳವನ್ನು ತೆರೆದು, ಹೃದಯಕ್ಕೆ ಬಲ ಕೊಡುವ ಮದ್ದು ಇದೊಂದೇ. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕು. ಬೇಕಾದರೆ 5ರಿಂದ 15 ನಿಮಿಷದಲ್ಲಿ ಮತ್ತೊಮ್ಮೆ ಕೊಡುತ್ತಾರೆ. ಪ್ರಮಾಣವನ್ನು ಮಗುವಿನ ತೂಕದ ಮೇಲೆ ವೈದ್ಯರು ನಿಶ್ಚಯಿಸುತ್ತಾರೆ. 20 ಕಿಲೋ ತೂಕದ ಮಗುವಿಗೆ ಒಂದು ಮಿಲಿಲೀಟರಿನ ಐದನೆಯ ಒಂದು ಭಾಗ ಸಾಕು. ಬೆಲೆ ಹೆಚ್ಚಿನದಲ್ಲ, ಒಂದು ಸೀಸೆ ಕೀಟನಾಶಕದ ಹಣದಲ್ಲಿ ಹಲವು ಆಂಪೂಲು ಬರುತ್ತವೆ.

ಹಾಗಾದರೆ ಅವಿಲ್ ಮಾತ್ರೆ? ಅದು ನವೆಯನ್ನೂ ಗಂಧೆಯನ್ನೂ ಇಳಿಸುತ್ತದೆ. ಗಂಟಲಿನ ಊತಕ್ಕೂ ಬಿದ್ದ ರಕ್ತದೊತ್ತಡಕ್ಕೂ ಅದರಿಂದ ಪ್ರಯೋಜನವಿಲ್ಲ, ಕೆಲಸ ಶುರುವಾಗಲೂ ಅರ್ಧ ಗಂಟೆ ಬೇಕು. ಕೊಟ್ಟದ್ದು ತಪ್ಪಲ್ಲ, ಕೊಟ್ಟು, "ನೋಡೋಣ ಇಳಿಯುತ್ತದೇನೋ" ಎಂದು ಕುಳಿತದ್ದು ತಪ್ಪು. ಸುಣ್ಣ, ಈರುಳ್ಳಿ, ಕಂಬಳಿ ಇವುಗಳ ಮಾತೂ ಅಷ್ಟೇ. ಹಚ್ಚುವ ಕೈ ಹಚ್ಚಲಿ, ಆದರೆ ಇನ್ನೊಬ್ಬರು ಅಷ್ಟರಲ್ಲಿ ಗಾಡಿ ತಂದಿರಬೇಕು. ದನಿ ಒಡೆದ ಮಗುವಿಗೆ ಬಾಯಲ್ಲಿ ನೀರು, ಮಜ್ಜಿಗೆ ಯಾವುದನ್ನೂ ಹಾಕಬಾರದು.

ಮಗುವನ್ನು ನಡೆಸಬಾರದು, ನಿಲ್ಲಿಸಬಾರದು. ಚಪ್ಪಟೆ ಮಲಗಿಸಿ ಕಾಲಿನ ಕೆಳಗೆ ಶಾಲಾ ಚೀಲ ಇಡಿ. ವಾಂತಿ ಬರುತ್ತಿದ್ದರೆ ಮಗ್ಗುಲಾಗಿಸಿ. ಉಸಿರಾಡಲು ಕಷ್ಟವಾಗಿ ಮಲಗಲಾರೆನೆಂದರೆ ಕಾಲು ಚಾಚಿ ಒರಗಿ ಕೂರಲು ಬಿಡಿ. ಜೇನು ಕಚ್ಚಿದ್ದರೆ ಅದರ ಮುಳ್ಳು ವಿಷದ ಚೀಲದೊಡನೆ ಚರ್ಮದಲ್ಲೇ ಉಳಿದಿರುತ್ತದೆ; ಉಗುರಿನಿಂದಲೋ ಮತ್ತೆ ಹೇಗೋ ಕೂಡಲೇ ಕಿತ್ತುಹಾಕಬೇಕು. ಕಡಜ ಮುಳ್ಳು ಬಿಡುವುದಿಲ್ಲ, ಹುಡುಕುತ್ತ ಹೊತ್ತು ಕಳೆಯಬೇಡಿ. ಹೆಜ್ಜೇನು ಎದ್ದು ನೂರಾರು ಕಡೆ ಕಚ್ಚಿದರೆ ಅಲರ್ಜಿ ಇಲ್ಲದವರಿಗೂ ವಿಷವೇ ಅಪಾಯ. ಅವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಸೂಜಿ ಹಾಕಿದ ಮೇಲೆ ಮಗು ನಗುತ್ತ ಎದ್ದು ಕುಳಿತರೂ, "ವಾಸಿಯಾಯಿತು, ಹಾಲು ಕರೆಯುವ ಹೊತ್ತಾಯಿತು" ಎಂದು ಕರೆದುಕೊಂಡು ಬರಬೇಡಿ. ಕೆಲವು ಗಂಟೆಗಳ ಮೇಲೆ ಮತ್ತೆ ಬರುವುದುಂಟು. ವೈದ್ಯರು ಬಿಡುವವರೆಗೆ ಅಲ್ಲಿಯೇ ಇರಬೇಕು.

ನಮ್ಮ ಶಾಲೆಗಳು ಎಷ್ಟು ಸಿದ್ಧವಾಗಿವೆ

ಆ ಘಟನೆಯಾದ ಮೇಲೆ ನಾನು ಹೋಗಿಬರುವ ಶಾಲೆಗಳಲ್ಲೆಲ್ಲ ವಿಚಾರಿಸಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಕಡೆಯೂ ಇದೆ. ಹತ್ತಿ, ಪಟ್ಟಿ, ಗಾಯದ ಮುಲಾಮು, ಜ್ವರದ ಮಾತ್ರೆ. ಒಂದೆರಡು ಕಡೆ ಬೀಗದ ಕೈ ಯಾರ ಹತ್ತಿರವಿದೆಯೆಂದು ಹುಡುಕಬೇಕಾಯಿತು. ಯಾವ ಮಗುವಿಗೆ ಏನು ಒಗ್ಗದು ಎಂಬ ಪಟ್ಟಿ ಎಲ್ಲಿಯೂ ಕಾಣಲಿಲ್ಲ. ಆಶ್ಚರ್ಯವೆಂದರೆ, ಕೇಳಿದ ತಕ್ಷಣ ಉತ್ತರ ಕೊಟ್ಟವರು ಮೇಷ್ಟ್ರುಗಳಲ್ಲ, ಅಡುಗೆಯವರು. "ಆ ಮೂರನೇ ಕ್ಲಾಸಿನ ಹುಡುಗ ಕಡಲೆಬೀಜ ಹಾಕಿದ ಚಿತ್ರಾನ್ನ ಮುಟ್ಟಲ್ಲ, ಬಾಯಿ ಕಡಿಯುತ್ತೆ ಅಂತಾನೆ" ಎಂದು ಒಬ್ಬರು ಹೇಳಿದರು. ಮೇಷ್ಟ್ರು ಅವನನ್ನು ಊಟದಲ್ಲಿ ಹಟಮಾರಿಯೆಂದು ತಿಳಿದಿದ್ದರು!

ಮೇಷ್ಟ್ರುಗಳನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹಾಲು, ಊಟ, ಲೆಕ್ಕಪತ್ರ, ಗಣತಿ ಎಲ್ಲವೂ ಅವರ ತಲೆಯ ಮೇಲೆಯೇ ಇದೆ. ಈ ವಿಷಯವನ್ನು ಅವರಿಗೆ ಹೇಳಿಕೊಟ್ಟವರಿಲ್ಲ. ಅಡ್ರಿನಲಿನ್ನನ್ನು ಸರ್ಕಾರಿ ಶಾಲೆಯಲ್ಲಿ ಇಡುವ ರೂಢಿಯೂ ನಮ್ಮಲ್ಲಿಲ್ಲ.

ಬೇರೆ ದೇಶಗಳಲ್ಲಿಯೂ ಇದು ಸುಲಭವಾಗಿ ಬರಲಿಲ್ಲ. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಸಬ್ರಿನಾ ಶಾನನ್ ಎಂಬ ಹದಿಮೂರು ವರ್ಷದ ಹುಡುಗಿ 2003ರಲ್ಲಿ ಶಾಲೆಯ ಉಪಾಹಾರ ಗೃಹದಲ್ಲಿ ಕರಿದ ಆಲೂಗಡ್ಡೆ ತಿಂದಳು. ಅವಳಿಗೆ ಹಾಲಿನ ಪದಾರ್ಥ ಒಗ್ಗುತ್ತಿರಲಿಲ್ಲ. ಆಲೂಗಡ್ಡೆಯಲ್ಲಿ ಹಾಲಿರಲಿಲ್ಲ, ಆದರೆ ಬಡಿಸುವ ಇಕ್ಕಳಕ್ಕೆ ಗಿಣ್ಣು ತಾಗಿತ್ತೆಂದು ಆಮೇಲೆ ತಿಳಿಯಿತು. ಉಸಿರು ಕಟ್ಟಿದಾಗ ಮೊದಲು ಉಬ್ಬಸವೆಂದೇ ಎಣಿಸಿದರು. ಅವಳ ಅಡ್ರಿನಲಿನ್ ಸೂಜಿ ಶಾಲೆಯಲ್ಲಿಯೇ ಇತ್ತು, ಅವಳ ಬೀರುವಿನೊಳಗೆ. ಅದನ್ನು ತರುವ ಹೊತ್ತಿಗೆ ತಡವಾಗಿತ್ತು. ಅವಳ ಹೆಸರಿನಲ್ಲಿಯೇ ಅಲ್ಲಿ ಕಾಯಿದೆಯಾಗಿ, 2006ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಪ್ರತಿಯೊಂದು ಶಾಲೆಯೂ ಇಂಥ ಪ್ರತಿ ಮಗುವಿಗೂ ಬೇರೆಬೇರೆ ಯೋಜನೆ ಬರೆದಿಡಬೇಕು, ಸಿಬ್ಬಂದಿಗೆ ಕಾಲಕಾಲಕ್ಕೆ ತರಬೇತಿ ಕೊಡಬೇಕು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಶಾಲೆಗಳೇ ವೈದ್ಯರ ಚೀಟಿಯಿಲ್ಲದೆ ಈ ಸೂಜಿಯನ್ನು ಕೊಂಡು ಇಡಬಹುದು. ಅಲ್ಲಿನದು ಪೆನ್ನಿನ ಆಕಾರದ್ದು, ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುತ್ತದೆ. ನಮ್ಮ ಪೇಟೆಯ ಔಷಧಿ ಅಂಗಡಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ, ಸಿಕ್ಕರೂ ನಮಗೆಟುಕದ ಬೆಲೆ. ನಮ್ಮದು ಆಂಪೂಲು ಮತ್ತು ಸಿರಿಂಜು. ಅದಕ್ಕೆ ಕಲಿತ ಕೈ ಬೇಕು.

ಸಬ್ರಿನಾಳ ಕಥೆಯಲ್ಲಿ ನನಗೆ ಮುಖ್ಯವೆನಿಸಿದ್ದು ಬೀರು. ಮದ್ದು ಇದ್ದರೂ ಅದು ಎಲ್ಲಿದೆ, ಯಾರು ತರಬೇಕು ಎಂಬುದು ಮೊದಲೇ ನಿಶ್ಚಯವಾಗದಿದ್ದರೆ ಇಲ್ಲದಂತೆಯೇ.

ನಾವು ಮಾಡಬಹುದಾದುದು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತಿರುವವರು ನೀವೇ, ತಂದೆತಾಯಿಗಳು. ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಮೊದಲು ಮಾಡಬೇಕಾದುದಕ್ಕೆ ಕಾಸು ಖರ್ಚಿಲ್ಲ: ಪ್ರತಿಯೊಂದು ಮನೆಯನ್ನೂ ಕೇಳಿ ಬರೆದುಕೊಳ್ಳುವುದು. ಯಾವುದನ್ನು ತಿಂದಾಗ ಮುಖ ಊದಿದೆ, ಯಾವ ಹುಳು ಕಚ್ಚಿದಾಗ ಮೈಯೆಲ್ಲ ಗಂಧೆ ಎದ್ದಿದೆ, ಉಬ್ಬಸವಿದೆಯೇ, ಯಾವ ಔಷಧಿ ಆಗುವುದಿಲ್ಲ. ಇದರ ಒಂದು ಪ್ರತಿ ಮೇಷ್ಟ್ರ ಮೇಜಿನಲ್ಲಿ, ಒಂದು ಪ್ರತಿ ಅಡುಗೆಮನೆಯಲ್ಲಿ. ಅಡುಗೆಯವರಲ್ಲಿ ಓದುಬಾರದವರಿದ್ದರೆ ಬಾಯಲ್ಲಿ ಹೇಳಿ, ಮಗುವನ್ನು ಮುಂದೆ ನಿಲ್ಲಿಸಿ ತೋರಿಸಿ. ಅಂಥ ಮಗುವಿದ್ದರೆ ಬೇರೆ ಸೌಟು, ಮೊದಲ ಬಡಿಸಾಟ. ಮಗುವನ್ನು ಬೇರೆ ಪಂಕ್ತಿಯಲ್ಲಿ ಕೂರಿಸುವುದು ಬೇಡ. ನಮ್ಮ ಊರುಗಳಲ್ಲಿ ಬೇರೆ ಪಂಕ್ತಿಗೆ ಇರುವ ಅರ್ಥ ನಿಮಗೆಲ್ಲ ಗೊತ್ತು. ಸೌಟು ಬೇರೆಯಾದರೆ ಸಾಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ತಪಾಸಣೆಗೆ ಬರುತ್ತದೆ. ಆ ದಿನ ಪಟ್ಟಿಯನ್ನು ಅವರ ಮುಂದಿಟ್ಟು, ನಿಜವಾದ ಅಲರ್ಜಿ ಯಾವುದು, ಸುಮ್ಮನೆ ಬೇಡವೆನ್ನುವುದು ಯಾವುದು ಎಂದು ವಿಂಗಡಿಸಿಕೊಡಲು ಕೇಳಿ. ಒಮ್ಮೆ ಅಪಾಯಕ್ಕೆ ಹೋಗಿ ಬಂದ ಮಗುವಿದ್ದರೆ, ಅಡ್ರಿನಲಿನ್ನನ್ನು ಅದರ ಹತ್ತಿರವೇ ಇಡಬೇಕೇ, ಕೊಡುವುದನ್ನು ತಾಯಿತಂದೆಗೋ ಶಿಕ್ಷಕರಿಗೋ ಕಲಿಸಬಹುದೇ ಎಂದು ವೈದ್ಯರನ್ನೇ ವಿಚಾರಿಸಬೇಕು. ವೈದ್ಯರು ಬರೆದುಕೊಟ್ಟು, ಕೈಹಿಡಿದು ಕಲಿಸಿದ ಹೊರತು ಯಾರೂ ಮುಟ್ಟತಕ್ಕದ್ದಲ್ಲ. ಹಾಗೆ ಇಟ್ಟುಕೊಂಡರೆ ಬೀಗ ಹಾಕಬೇಡಿ, ಬಿಸಿಲು, ಬೆಳಕು ತಾಗದ ತಂಪಾದ ಕಡೆ ಇರಲಿ, ಫ್ರಿಜ್ ಬೇಕಿಲ್ಲ. ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಬೇಕು. ತಾರೀಖನ್ನು ಬೀಜದ ಚೀಲದ ಮೇಲೆ ನೋಡುವಂತೆ ನೋಡುತ್ತಿರಬೇಕು.

ಇನ್ನು ದಾರಿಯ ಮಾತು. 108ಕ್ಕೆ ಕರೆ ಮಾಡುವುದು ನಮ್ಮ ರಾಜ್ಯದಲ್ಲಿ 2008ರಿಂದ ಎಲ್ಲರಿಗೂ ಗೊತ್ತು. ಕರೆ ಮಾಡಿದಾಗ "ಮಗುವಿಗೆ ಹುಷಾರಿಲ್ಲ" ಎನ್ನಬೇಡಿ. "ಕಡಜ ಕಚ್ಚಿ ಉಸಿರು ಕಟ್ಟುತ್ತಿದೆ" ಎಂದು ಹೇಳಿ. ಗಾಡಿ ಬರಲು ಎಷ್ಟು ಹೊತ್ತೆಂದು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರ ಅದಕ್ಕಿಂತ ಹತ್ತಿರವಿದ್ದರೆ ಊರಿನ ಗಾಡಿಯಲ್ಲೇ ಮಲಗಿಸಿಕೊಂಡು ಹೊರಡಿ, ಹೊರಡುವ ಮುನ್ನ ಅಲ್ಲಿಗೂ ಫೋನು ಮಾಡಿ. ಊರಿನಲ್ಲಿ ಶಾಲೆಯ ಹೊತ್ತಿನಲ್ಲಿ ಇರುವ ನಾಲ್ಕು ಚಕ್ರದ ಗಾಡಿಗಳು ಯಾರುಯಾರವು? ಅವರ ಒಪ್ಪಿಗೆಯನ್ನು ಈಗಲೇ ಪಡೆದು ಹೆಸರು ಬರೆದಿಡಿ. ಸಮಿತಿಯಿಂದ ಇಬ್ಬರು ಒಂದು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿಬನ್ನಿ: ಅಡ್ರಿನಲಿನ್ ಇದೆಯೇ, ವೈದ್ಯರು ಇಲ್ಲದ ಹೊತ್ತಿನಲ್ಲಿ ಅದನ್ನು ಯಾರು ಕೊಡುತ್ತಾರೆ, ಆ ಕೇಂದ್ರ ಮುಚ್ಚಿದ್ದರೆ ಮುಂದಿನದು ಯಾವುದು? ಇದನ್ನು ಜಗಳದ ದನಿಯಲ್ಲಿ ಕೇಳಬೇಕಾಗಿಲ್ಲ. ಅಂದು ನಮ್ಮನ್ನು ಉಳಿಸಿದ್ದು ಇಂಥದೇ ಒಂದು ಕೇಂದ್ರ.

ಗೂಡುಗಳ ವಿಷಯ ನನ್ನ ಕಸುಬಿಗೆ ಸೇರಿದ್ದು. ಬೇಸಗೆ ರಜೆಯಲ್ಲಿ ಶಾಲೆ ಮುಚ್ಚಿದಾಗ ಕಡಜಗಳು ನಿಶ್ಚಿಂತೆಯಿಂದ ಮನೆ ಮಾಡುತ್ತವೆ: ಸೂರಿನ ಕೆಳಗೆ, ಬಳಸದ ಶೌಚಾಲಯದಲ್ಲಿ, ನಲ್ಲಿಯ ಕಟ್ಟೆಯ ಸಂದಿಯಲ್ಲಿ, ಮೂಲೆಗೆಸೆದ ಪೈಪಿನೊಳಗೆ. ಶಾಲೆ ತೆರೆಯುವ ವಾರ ಮುಂಚೆ ಒಮ್ಮೆ ಸುತ್ತಿ ನೋಡಿ. ಗೂಡಿದ್ದರೆ ಕತ್ತಲಾದ ಮೇಲೆ ಅನುಭವವಿದ್ದವರಿಂದ ತೆಗೆಸಿ. ಊಟದ ಎಂಜಲು, ಹಣ್ಣಿನ ಸಿಪ್ಪೆ ಬಿದ್ದಲ್ಲಿಗೆ ಕಡಜ ಬರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಶಾಲೆಯ ಮುಂದಿನ ಅರಳಿಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಶಾಲೆಯ ಹೊತ್ತಿನಲ್ಲಿ ಹೊಗೆ ಹಾಕುವುದು, ಕಲ್ಲು ಹೊಡೆಯುವುದು ಬೇಡವೇ ಬೇಡ. ಜೇನು ಕೀಳುವವರನ್ನು ರಾತ್ರಿಯ ಹೊತ್ತು ಕರೆಸಿ. ಸುಟ್ಟು ಕೊಲ್ಲಬೇಡಿ, ನಿಮ್ಮ ಸೂರ್ಯಕಾಂತಿ ಕಾಳು ಕಟ್ಟುವುದು ಅವುಗಳಿಂದಲೇ.

ಪ್ರಸಂಗ ಬಂದದ್ದರಿಂದ ಮತ್ತೊಂದು ಮಾತು. ಶ್ರಮದಾನವೆಂದು ಮಕ್ಕಳ ಕೈಯಲ್ಲಿ ಕಾಂಗ್ರೆಸ್ ಕಳೆ ಕೀಳಿಸುವುದನ್ನು ನಿಲ್ಲಿಸಬೇಕು. ಪಾರ್ಥೇನಿಯಂ ಅದರ ಹೆಸರು. ಅದರಿಂದ ಚರ್ಮದ ಕಜ್ಜಿ, ಉಬ್ಬಸ ಬರುತ್ತದೆ. ಹೂ ಬಿಡುವ ಮುನ್ನ ದೊಡ್ಡವರು ಕೈಗೆ ಚೀಲ ಕಟ್ಟಿಕೊಂಡು ಕೀಳಲಿ.

ಆ ಹುಡುಗಿ ಈಗ ಆರನೆಯ ತರಗತಿಯಲ್ಲಿದ್ದಾಳೆ. ಅವಳ ಹೆಸರು ಅಡುಗೆಮನೆಯ ಗೋಡೆಯ ಮೇಲಿದೆ, ಪಕ್ಕದಲ್ಲಿ ಕಡಜದ ಚಿತ್ರ. ಅದನ್ನು ಬರೆದವಳು ಅವಳೇ. ಕೆಳಗೆ ಗೂಡ್ಸ್ ಆ‌ಟೊದವರ ಫೋನ್ ಸಂಖ್ಯೆಯಿದೆ. ನಿಮ್ಮ ಶಾಲೆಯ ಸಮಿತಿಯ ಸಭೆ ಯಾವ ದಿನವೆಂದು ತಿಳಿಸಿದರೆ ನಾನೂ ಬರುತ್ತೇನೆ, ಆಶಾ ಕಾರ್ಯಕರ್ತೆಯರನ್ನೂ ಕರೆತರುತ್ತೇನೆ. ಗೋಡೆಗೆ ಬರೆಯಲು ಬಣ್ಣದ ಡಬ್ಬಿ ನನ್ನ ಹತ್ತಿರ ಇನ್ನೂ ಅರ್ಧ ಉಳಿದಿದೆ.